ಮೊಂಡು ತೋಳಿನ ನಕ್ಷತ್ರಗಳು

"ಮೂಗು ಮುಚ್ಕೊಂಡು ಮಾತಾಡ್ಬೇಡ ಮರ್ವ್, ಒಂದಕ್ಷರ ತಿಳೀತಿಲ್ಲ!" ಹೊರಗಿನಿಂದ ವಿನ್ ಕೂಗಿದಳು.

"ಮೂಗು ಬಿಟ್ರೆ ಇಲ್ಲೇ ನನ್ನ ಹೆಣ ಬೀಳುತ್ತೆ!"

ಎಡ್ವಿನಾ ರಸ್ಕ್‌ಳ ಮನೆಯ ನೆಲಹಲಗೆಯ ಕೆಳಗೆ, ಮೋಟು ಕಂಬಗಳ ನಡುವೆ ನಾನು ಬೋರಲು ಬಿದ್ದಿದ್ದೆ. ಹೆಸರಿಗೆ ಸಾರ್ಜೆಂಟ್ ಮರ್ವ್ ಟ್ರೆಲೋರ್. ಮಾಡುತ್ತಿದ್ದದ್ದು ಹೆಗ್ಗಣದ ಕೆಲಸ. ನನ್ನ ಮುಖದಿಂದ ಗೇಣು ದೂರದಲ್ಲಿ, ತೊಗಟೆ ಚೂರಿನ ಹಾಸಿನ ಮೇಲೆ, ಕೆಂಪು ನಕ್ಷತ್ರಗಳು ಅರಳಿ ನಿಂತಿದ್ದವು. ಬೆಳ್ಳಗಿನ ಕಾಂಡ, ಅದರ ತಲೆಯ ಸುತ್ತ ಚಾಚಿದ ಕೆಂಪು ತೋಳು, ನಡುವೆ ಕಂದು ಲೋಳೆ, ಲೋಳೆಯ ತುಂಬ ನೊಣ. ಕಣ್ಣಿಗೆ ಹೂವು. ವಾಸನೆ ಮಾತ್ರ ಸತ್ತು ಮೂರು ದಿನ ಬಿಸಿಲು ಕಂಡ ಕುರಿಯದ್ದು.

ಹೋದ ವಾರ ಇದೇ ವಾಸನೆಯ ಬೆನ್ನು ಹತ್ತಿ, ಕಾಣೆಯಾದ ಎಡ್ವಿನಾಳ ಹೆಣ ಇಲ್ಲೇ ಇದೆ ಅಂತ ಸಲಿಕೆ ಹೊತ್ತು ಬಂದ ನಾವು, ಈ ಅಣಬೆ ಕಂಡು ಬಿದ್ದು ಬಿದ್ದು ನಕ್ಕು ವಾಪಸ್ಸು ಹೋಗಿದ್ದೆವು. 'ಅಣಬೆಯನ್ನು ಬಂಧಿಸಿದ ಪೊಲೀಸರು' ಅಂತ ಹ್ಯೂಆನ್ ಕಣಿವೆಯ ಪಬ್ಬುಗಳಲ್ಲೆಲ್ಲ ಈಗಲೂ ಅದೇ ಜೋಕು.

ಈಗ ನಗು ಬರುತ್ತಿರಲಿಲ್ಲ. ನಿನ್ನೆ ಬೆಳಿಗ್ಗೆ ಎಡ್ವಿನಾಳ ಅಣ್ಣನ ಮಗ ಕಾಲ್‌ನ ವ್ಯಾನಿನಲ್ಲಿ ಅವಳ ರಕ್ತ ಹತ್ತಿದ ಸ್ಕಾರ್ಫು ಸಿಕ್ಕಿತು. ಆಗಿನಿಂದ ಕಾಲ್ ನಮ್ಮ ಲಾಕಪ್ಪಿನಲ್ಲಿದ್ದಾನೆ. ಇವತ್ತು ಸಂಜೆಯೊಳಗೆ ಅವನ ಮೇಲೆ ಕೊಲೆ ಕೇಸು ಹಾಕಲೇಬೇಕು ಅಂತ ಹೋಬಾರ್ಟಿನಿಂದ ಬಂದ ಇನ್‌ಸ್ಪೆಕ್ಟರ್ ಕ್ವಿಲ್ಟಿ ತುದಿಗಾಲಲ್ಲಿ ನಿಂತಿದ್ದರು.

ಕಾಲ್‌ಗೆ ಫುಟ್ಬಾಲ್ ಒದೆಯೋದು ಕಲಿಸಿದವನು ನಾನು. ಅವನ ಹೆಂಡತಿ ತುಂಬು ಬಸುರಿ. ನಿನ್ನೆ ಠಾಣೆಯ ಬೆಂಚಿನ ಮೇಲೆ ಕೂತು ನನ್ನ ಕೈ ಹಿಡಿದುಕೊಂಡು, "ಮರ್ವ್, ನೀನಾದ್ರೂ ಸರಿಯಾಗಿ ನೋಡು" ಅಂದಿದ್ದಳು. ಅದಕ್ಕೇ ನಾನು ಇಲ್ಲಿ ಬೋರಲು ಬಿದ್ದಿದ್ದು.

"ಬುಡ ಹಿಡಿದು ಮೆಲ್ಲಗೆ ಎತ್ತು," ವಿನ್ ಅಂದಳು. "ಬುಡದಲ್ಲಿ ಬಿಳೀ ದಾರದಂಥ ಬೇರು ಇರುತ್ತೆ. ಅದು ಯಾವ ಕಡೆಗೆ ಹೋಗುತ್ತೋ ನೋಡು."

ಎತ್ತಿದೆ. ಮೇಜಿನ ಮೇಲಿಂದ ಲೋಟ ಎತ್ತಿದಷ್ಟು ಸಲೀಸಾಗಿ ಬಂತು. ಇನ್ನೊಂದು ಎತ್ತಿದೆ. ಅದೂ ಹಾಗೇ.

"ವಿನ್, ಬೇರಿಲ್ಲ ಕಣೇ. ಒಂದಕ್ಕೂ ಇಲ್ಲ."



"ಎಲ್ಲಾನೂ ತಗೊಂಡು ಬಾ," ಅಂದಳು ವಿನ್. ದನಿ ಬದಲಾಗಿತ್ತು.

*

ಡಾಕ್ಟರ್ ವಿನಿಫ್ರೆಡ್ ಕಾರ್ಬೆಟ್ ಹೋಬಾರ್ಟಿನ ಮ್ಯೂಸಿಯಮ್ಮಿನಲ್ಲಿ ಅಣಬೆ ವಿಭಾಗದ ಮುಖ್ಯಸ್ಥೆ. ಅದಕ್ಕೂ ಮುಂಚೆ ಅದೇ ಕುರ್ಚಿಯಲ್ಲಿ ಕೂತಿದ್ದವಳು ಎಡ್ವಿನಾ. ವಿನ್ ಅವಳ ಶಿಷ್ಯೆ. ನನಗೆ ಇಬ್ಬರೂ ಹಳೇ ಪರಿಚಯ, ಅಣಬೆ ಮಾತ್ರ ಇವತ್ತಿಗೂ ಅಪರಿಚಿತ.

ಎಡ್ವಿನಾಳ ಅಡುಗೆಮನೆಯ ಮೇಜಿನ ಮೇಲೆ ವಿನ್ ತನ್ನ ಮೈಕ್ರೋಸ್ಕೋಪು ಹೂಡಿದ್ದಳು. ಕಾಂಡದಿಂದ ಬ್ಲೇಡಿನಲ್ಲಿ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಒಂದು ಪದರ ಸೀಳಿ, ಗಾಜಿನ ಮೇಲಿಟ್ಟು, ನನ್ನನ್ನು ಕರೆದಳು.

"ಏನ್ ಕಾಣುತ್ತೆ?"

"ನನ್ನ ರೆಪ್ಪೆ."

"ಕಣ್ಣು ಸ್ವಲ್ಪ ಹಿಂದೆ ತಗೋ ಮಾರಾಯ. ಈಗ?"

"ಸೋಪಿನ ನೊರೆ ಥರ ಗುಳ್ಳೆ ಗುಳ್ಳೆ."

"ಕಾಂಡದ ಜೀವಕೋಶಗಳು ಅವು. ಈಗ ಇದನ್ನ ನೋಡು. ಇದೇ ಜಾತಿದು, ಇನ್ನೂ ಅರಳದ ಮೊಟ್ಟೆ. ಮ್ಯೂಸಿಯಮ್ಮಿಂದ ತಂದೆ."

ಅವೇ ಗುಳ್ಳೆಗಳು. ಆದರೆ ಒಂದೂ ಗುಂಡಗಿರಲಿಲ್ಲ. ಸುಕ್ಕಾಗಿ, ಚಪ್ಪಟೆಯಾಗಿ, ಪೆಟ್ಟಿಗೆಗೆ ತುರುಕಿದ ಬಟ್ಟೆಯ ಹಾಗೆ ಮಡಿಕೆ ಮೇಲೆ ಮಡಿಕೆ ಬಿದ್ದಿದ್ದವು.

"ಈ ಅಣಬೆ ಮೊದಲು ಮೊಟ್ಟೆ," ವಿನ್ ಹೇಳಿದಳು. "ಮಣ್ಣೊಳಗೆ ಮೊಟ್ಟೆ ಆಗಿರುವಾಗಲೇ ಕಾಂಡ, ತೋಳು, ಬೀಜಕಣ ಎಲ್ಲ ತಯಾರಾಗಿ ಮಡಚಿಕೊಂಡು ಕೂತಿರುತ್ತೆ. ಅರಳುವಾಗ ಹೊಸದಾಗಿ ಏನೂ ಬೆಳೆಯಬೇಕಾಗಿಲ್ಲ. ಇರೋ ಜೀವಕೋಶಗಳೇ ನೀರು ಕುಡಿದು ಊದಿಕೊಳ್ತವೆ. ಆ ನೀರೂ ಮೊಟ್ಟೆಯೊಳಗಿನ ಲೋಳೆಯಲ್ಲೇ ಇರುತ್ತೆ."

"ಅಂದ್ರೆ?"

"ಅಂದ್ರೆ ಬೇರು ಕತ್ತರಿಸಿದ್ರೂ ಅರಳುತ್ತೆ. ಎಲ್ಲಿಟ್ರೂ ಅರಳುತ್ತೆ. ನಿನ್ನ ಟೋಪಿಯೊಳಗಿಟ್ರೂ ಅರಳುತ್ತೆ."

ಅಣಬೆಯ ಬುಡ ತಿರುಗಿಸಿ ತೋರಿಸಿದಳು. ಬೇರಿನ ದಾರ ಹರಿದಿರಲಿಲ್ಲ. ಚಾಕುವಿನಲ್ಲಿ ನೀಟಾಗಿ ಕತ್ತರಿಸಿದ್ದರು. ಅಂಟಿಕೊಂಡಿದ್ದ ಮಣ್ಣಿನಲ್ಲಿ ತೊಗಟೆ ಚೂರು ಒಂದೂ ಇಲ್ಲ, ಬರೀ ಹುಲ್ಲಿನ ಬೇರು. ಗುಡ್ಡದ ಮೇಲಿನ ಹುಲ್ಲುಗಾವಲಿನ ಮಣ್ಣು.

"ಇವು ಇಲ್ಲಿ ಬೆಳೆದಿದ್ದಲ್ಲ ಮರ್ವ್. ಯಾರೋ ಮೊಟ್ಟೆ ತಂದು ನೆಟ್ಟಿದ್ದಾರೆ."

"ಯಾಕೆ?"

"ಅದು ನಿನ್ನ ಕೆಲಸ. ನಂದು ಅಣಬೆ."

ನಾನು ಕುರ್ಚಿಯಲ್ಲಿ ಕುಸಿದೆ. ನಾತ ನಾರಲಿ ಅಂತ ಯಾವ ಪುಣ್ಯಾತ್ಮ ತನ್ನ ಕೈಯಾರೆ ಅಣಬೆ ನೆಡುತ್ತಾನೆ? ಹೆಣದ ವಾಸನೆ ಮುಚ್ಚೋಕೆ ಅಂದುಕೊಳ್ಳೋಣ. ಪೊಲೀಸರು ಬರ್ತಾರೆ, ಅಣಬೆ ನೋಡ್ತಾರೆ, ನಕ್ಕು ಹೋಗ್ತಾರೆ. ನಾವು ಮಾಡಿದ್ದೂ ಅದನ್ನೇ, ಥೂ! ಹಾಗಾದರೆ ಹೆಣ ಇದೇ ಮನೆಯಡಿ ಇರಬೇಕು. ಇದೇ ಮನೆಯಲ್ಲಿ ವಾಸವಿದ್ದವನು ಕಾಲ್. ಹುಡುಗನನ್ನು ಬಿಡಿಸೋಣ ಅಂತ ಬಂದು ಅವನ ಕುತ್ತಿಗೆಗೇ ಹಗ್ಗ ಹೆಣೆಯುತ್ತಿದ್ದೀನಲ್ಲ ಅನ್ನಿಸಿತು.

"ಇದೇನಿದು?" ವಿನ್ ಅಂದಳು.

ಅವಳು ನಕ್ಷತ್ರಗಳನ್ನೆಲ್ಲ ಬಿಳೀ ಪಿಂಗಾಣಿ ತಟ್ಟೆಗಳ ಮೇಲೆ ಸಾಲಾಗಿ ಜೋಡಿಸಿದ್ದಳು. ಬೆರಳು ಒಂದರಿಂದ ಇನ್ನೊಂದಕ್ಕೆ ಸರಿಯುತ್ತಿತ್ತು.

"ಎಣಿಸಬೇಡ, ಸುಮ್ಮನೆ ನೋಡು. ಪ್ರತಿಯೊಂದರಲ್ಲೂ ಒಂದು ತೋಳು ಮೊಂಡು."

ನಿಜ. ಎಲ್ಲ ತೋಳುಗಳ ತುದಿ ಚೂಪಾಗಿ ಎರಡಾಗಿ ಸೀಳಿತ್ತು. ಪ್ರತಿ ನಕ್ಷತ್ರದಲ್ಲೂ ಒಂದೇ ಒಂದು ತೋಳಿನ ತುದಿ ಓರೆಯಾಗಿ ಹಾರಿಹೋಗಿತ್ತು.

"ಹುಳ ತಿಂದಿರಬಹುದು."

"ಹುಳ ಬ್ಲೇಡ್ ಇಟ್ಕೊಂಡು ತಿನ್ನಲ್ಲ." ವಿನ್‌ಳ ಮುಖ ಬಿಳಿಚಿಕೊಂಡಿತ್ತು. "ಮೊಟ್ಟೆ ಆಗಿದ್ದಾಗ ಯಾರೋ ಪಕ್ಕದಲ್ಲಿ ಸಣ್ಣ ಕಿಟಕಿ ಕೊಯ್ದಿದ್ದಾರೆ. ಒಳಗೆ ಮಡಚಿದ್ದ ತೋಳಿನ ತುದಿ ಜೊತೆಗೇ ಬಂದಿದೆ."

"ಕಿಟಕಿ ಯಾಕೆ?"

"ಒಳಗೆ ಏನಿದೆ ಅಂತ ನೋಡೋಕೆ. ಹೊರಗಿನಿಂದ ಎಲ್ಲ ಮೊಟ್ಟೆಯೂ ಒಂದೇ. ಒಳಗೆ ಈ ನಕ್ಷತ್ರವೂ ಇರಬಹುದು, ವಿಷದ ಕೊಡೆಯೂ ಮುದುಡಿ ಕೂತಿರಬಹುದು. ಕೊಯ್ದು ನೋಡದೆ ಮೊಟ್ಟೆಗೆ ಹೆಸರಿಡಬೇಡಿ ಅಂತ ಎಡ್ವಿನಾ ಮೇಡಂ ನಮಗೆ ತಲೆ ಮೇಲೆ ಮೊಟಕಿ ಕಲಿಸಿದ್ರು. ನಮಗೆಲ್ಲ ಅದು ಕೈಗೆ ಹತ್ತಿದ ಚಾಳಿ. ನಿದ್ದೆಗಣ್ಣಲ್ಲಿ ಕೊಟ್ರೂ ಮೊದಲು ಕಿಟಕಿ ಕೊಯ್ತೀವಿ."

"ಪೊಲೀಸರ ಕಣ್ಣಿಗೆ ಮಣ್ಣೆರಚೋಕೆ ಹೊರಟೋನು ಕೂತ್ಕೊಂಡು ಹೆಸರು ನೋಡ್ತಾನಾ?"

"ಅದೇ ಹೇಳ್ತಿದ್ದೀನಿ! ಬೇಕಿರಲಿಲ್ಲ. ಆದ್ರೂ ಕೈ ಕೇಳಿಲ್ಲ. ಇದು ಅಣಬೆಯವರು ಮಾತ್ರ ಮಾಡೋ ತಪ್ಪು."

ನನ್ನೊಳಗೆ ಒಂದು ದೀಪ ಹತ್ತಿತು. ಕಾಲ್‌ಗೆ ಅಣಬೆ ಅಂದರೆ ಟೋಸ್ಟಿನ ಮೇಲೆ ಬೆಣ್ಣೆ ಜೊತೆ ಬರುವುದು. ಅತ್ತೆಯ ವಿದ್ಯೆ ಅವನ ತಲೆಗೆ ಹತ್ತಿದ್ದೇ ಇಲ್ಲ.

ಆ ದೀಪದ ಬೆಳಕಿನಲ್ಲೇ ಎದುರಿಗೆ ಕೂತವಳ ಮುಖವೂ ಕಂಡಿತು.

"ಮೇಡಂ ಹತ್ರ ಕಲಿತವರಲ್ಲಿ ನೀನೂ ಒಬ್ಬಳು, ವಿನ್."

ಬ್ಲೇಡನ್ನು ಮೆಲ್ಲಗೆ ಕೆಳಗಿಟ್ಟಳು. "ಏನ್ ಹೇಳ್ತಿದ್ದೀಯ?"

"ಅವಳನ್ನ ಎಬ್ಬಿಸಿ ಆ ಕುರ್ಚಿ ಮೇಲೆ ನೀನು ಕೂತೆ ಅಂತ ಊರೆಲ್ಲ ಮಾತಾಡುತ್ತೆ. ಐದು ವರ್ಷದಿಂದ ನಿಮ್ಮಿಬ್ಬರಿಗೂ ಮಾತಿಲ್ಲ. ನಾನು ಫೋನ್ ಮಾಡಿದ ತಕ್ಷಣ ಮೊಟ್ಟೆ, ಮೈಕ್ರೋಸ್ಕೋಪು ಎಲ್ಲ ಕಟ್ಕೊಂಡು ಓಡಿ ಬಂದೆ. ಯಾಕೆ?"

"ಯಾಕೆ ಅಂತ ಕೇಳ್ತೀಯಾ?" ಅವಳು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. "ಹೌದಪ್ಪಾ, ಕುರ್ಚಿ ತಗೊಂಡೆ. ಕೊಟ್ರು, ತಗೊಂಡೆ. ಅದಕ್ಕೆ ಮೇಡಂ ಬೀದಿಯಲ್ಲಿ ಕಂಡ್ರೆ ಮುಖ ತಿರುಗಿಸ್ತಿದ್ರು. ಅವರಿಗೆ ಒಂದು ಸಲ ಸಾರಿ ಹೇಳ್ಬೇಕು ಅಂತ ಐದು ವರ್ಷದಿಂದ ಒದ್ದಾಡ್ತಿದ್ದೀನಿ. ಈಗ ಸತ್ತಿದ್ದಾರೆ ಅಂತೀಯ. ಓಡಿ ಬರದೆ ಇನ್ನೇನ್ ಮಾಡ್ಲಿ?"

ಮ್ಯೂಸಿಯಮ್ಮಿನ ಸೀಸೆಯಿಂದ ಇನ್ನೊಂದು ಮೊಟ್ಟೆ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಬ್ಲೇಡ್ ತಗೊಂಡು ಒಂದೇ ಏಟಿಗೆ ಪಕ್ಕ ಕೊಯ್ದಳು. ಬಿದ್ದದ್ದು ಸಣ್ಣ ಕಿಟಕಿಯಲ್ಲ, ದೊಡ್ಡ ಬಾಗಿಲು. ಒಳಗಿನ ತೋಳುಗಳಲ್ಲಿ ಅರ್ಧಕ್ಕರ್ಧ ಜೊತೆಗೇ ಬಂದವು.

"ನೋಡಿದ್ಯಾ ನನ್ನ ಕೈ? ಕಟುಕನ ಕೈ ಅಂತ ಬೈತಿದ್ರು. ಇಷ್ಟು ನಾಜೂಕಾಗಿ ಒಂದೇ ತೋಳು ತಾಗೋ ಹಾಗೆ ಕೊಯ್ಯೋಕೆ ನನ್ನಿಂದ ಆಗಲ್ಲ."

"ಬೇಕಂತಲೇ ಒರಟಾಗಿ ಕೊಯ್ದಿರಬಹುದು."

"ಕೊಯ್ದಿರಬಹುದು," ಅಂದಳು. ಕಣ್ಣು ತುಂಬಿತ್ತು. "ನಂಬೋದು ಬಿಡೋದು ನಿನಗೆ ಬಿಟ್ಟಿದ್ದು."

ನಂಬಬೇಕೋ ಬೇಡವೋ ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿದೆ. ಅದೊಂದೇ ನನಗೆ ತೋಚಿದ್ದು. ಆಗ ತಟ್ಟೆಯ ಅಂಚಿನಲ್ಲಿ ಸಣ್ಣ ಮುಳ್ಳುಗಳು ಕಂಡವು.

"ಇದೇನು?"

"ಮೊಟ್ಟೆಯ ಸಿಪ್ಪೆಗೆ ಚುಚ್ಚಿಕೊಂಡಿದ್ವು. ಹಾಥಾರ್ನ್ ಗಿಡದ ಮುಳ್ಳು. ಬೇಲಿದು ಉದುರಿರಬೇಕು," ಅಂದಳು ಮೂಗು ಒರೆಸಿಕೊಂಡು.

*

ವರಾಂಡಕ್ಕೆ ಬಂದು ಠಾಣೆಗೆ ಫೋನ್ ಮಾಡಿದೆ. ಕ್ವಿಲ್ಟಿ ಊಟಕ್ಕೆ ಹೋಗಿದ್ದರು. ಕಾವಲಿನವನು ನಮ್ಮ ಹುಡುಗನೇ. ಕಾಲ್‌ಗೆ ಫೋನ್ ಕೊಟ್ಟ.

"ಊಟ ಮಾಡಿದ್ಯೇನೋ?"

"ಮಾಂಸದ ಪೈ ಕೊಟ್ರು. ನಮ್ಮ ಫುಟ್ಬಾಲ್ ಕ್ಲಬ್ಬಿನ ಪೈಗಿಂತ ಕಡೆ." ನಗಲು ನೋಡಿದ. "ನನ್ನ ಹೆಂಡ್ತಿ ಹೇಗಿದ್ದಾಳೆ ಮರ್ವಣ್ಣ?"

"ಚೆನ್ನಾಗಿದ್ದಾಳೆ, ಧೈರ್ಯವಾಗಿರು. ಒಂದು ಮಾತು ಕೇಳ್ತೀನಿ. ಮನೆಯಡಿ ಇದ್ವಲ್ಲ ಅಣಬೆ, ಅವನ್ನ ಯಾರೋ ನೆಟ್ಟಿದ್ದಾರೆ. ನಿಮ್ಮತ್ತೆ ಹತ್ರ ಕಲಿತೋರೇ ಯಾರೋ. ನಿನ್ನನ್ನ ಬಿಡಿಸೋಕೆ ನನಗೆ ಒಂದು ಎಳೆ ಸಿಕ್ಕಿದೆ ಕಣೋ. ಎಲ್ಲದರಲ್ಲೂ ಒಂದು ತೋಳು ಮೊಂಡು. ಸಿಪ್ಪೆಯಲ್ಲಿ ಹಾಥಾರ್ನ್ ಮುಳ್ಳು ಬೇರೆ ಇದೆ. ನಿಮ್ಮನೆಗೆ ಇತ್ತೀಚೆಗೆ ಯಾರ್ ಯಾರು ಬಂದಿದ್ರು?"





"ಮುಳ್ಳಾ?" ಅಂದ. "ಪ್ರತಿಯೊಂದರಲ್ಲೂ?"

"ಹೌದು. ಯಾಕೆ?"

"ಏನಿಲ್ಲ. ಅಗೀತೀರಾ ಅಲ್ಲಿ?"

"ಅಗೀಲೇಬೇಕಲ್ಲ."

ಫೋನ್ ಇಟ್ಟುಬಿಟ್ಟ. ನಾನು ಕೇಳಿದ್ದಕ್ಕೆ ಉತ್ತರವನ್ನೇ ಕೊಡಲಿಲ್ಲ. ಪಾಪ, ಹುಡುಗ ಹೆದರಿದ್ದಾನೆ ಅಂದುಕೊಂಡೆ.

ಆಮೇಲೆ ಮಧ್ಯಾಹ್ನವೆಲ್ಲ ಅಗೆದೆ. ಹಲಗೆಯಡಿ ಕೂತು ಅಗೆದೆ, ಮಲಗಿ ಅಗೆದೆ, ಸೊಂಟ ಹಿಡಿದುಕೊಂಡಾಗ ತೆವಳಿ ಅಗೆದೆ. ವಿನ್ ಬಕೆಟ್ಟಿನಲ್ಲಿ ಮಣ್ಣು ಹೊರಗೆ ಸಾಗಿಸಿದಳು.  ಸಿಕ್ಕಿದ್ದು ಒಂದು ತುಕ್ಕು ಹಿಡಿದ ಕುದುರೆ ಲಾಳ, ಅರ್ಧ ಬಾಟಲಿ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ ಅಂತಾರೆ. ನನಗೆ ಇಲಿಯೂ ಸಿಗಲಿಲ್ಲ. ಮಣ್ಣು ಗಟ್ಟಿಯಾಗಿತ್ತು. ಆ ಮನೆ ಕಟ್ಟಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಹೆಣವಿಲ್ಲದ ಕಡೆ ಹೆಣದ ವಾಸನೆ ಯಾಕೆ ನೆಡಬೇಕು? ತಲೆ ಕೆಟ್ಟು ಕೆರ ಹಿಡಿಯಿತು.

ಸಾಕಪ್ಪ ಅಂತ ಹೊರಗೆ ತೆವಳುವಾಗ, ಮೂಲೆಯ ಕಂಬದ ಬುಡದಲ್ಲಿ ತೊಗಟೆ ಚೂರು ಸ್ವಲ್ಪ ಉಬ್ಬಿದ್ದು ಕಂಡಿತು. ಕೈಯಿಂದ ಸರಿಸಿದೆ. ಕೋಳಿಮೊಟ್ಟೆಯಷ್ಟು ದಪ್ಪದ, ಮಾಸಲು ಬಿಳಿಯ, ಇನ್ನೂ ಅರಳದ ಮೊಟ್ಟೆ.

*

ವಿನ್ ಅದನ್ನು ಎರಡೂ ಕೈಯಲ್ಲಿ ಹಿಡಿದು ದೀಪದ ಕೆಳಗೆ ತಂದಳು.

ಪಕ್ಕದಲ್ಲಿ ಕಿಟಕಿ ಕೊಯ್ದಿದ್ದರು. ಆದರೆ ಇದರಲ್ಲಿ ಕೊಯ್ದ ಚೂರು ಬಿದ್ದುಹೋಗಿರಲಿಲ್ಲ. ಅದನ್ನು ಮುಚ್ಚಳದ ಹಾಗೆ ವಾಪಸ್ಸು ಅದರ ಜಾಗದಲ್ಲೇ ಕೂರಿಸಿ, ಹಾಥಾರ್ನ್ ಮುಳ್ಳು ಚುಚ್ಚಿ ಭದ್ರ ಮಾಡಿದ್ದರು.

ವಿನ್ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಒಳಗಿನದನ್ನು ಒಂದು ಚೂರು ಮೈಕ್ರೋಸ್ಕೋಪಿನಡಿ ಇಟ್ಟಳು.

"ಬೀಜಕಣ ಹೊರೋ ಕೋಶಗಳು ಇನ್ನೂ ಸಾಲಾಗಿ ನಿಂತಿವೆ. ತಲೆ ಮೇಲೆ ಬೀಜಕಣದ ಗೊಂಚಲು ಹಾಗೇ ಇದೆ. ಮೊಟ್ಟೆ ಮಾಗುವಾಗ ಈ ಸಾಲೆಲ್ಲ ಕರಗಿ ಆ ನಾರೋ ಲೋಳೆ ಆಗುತ್ತೆ. ಇದು ಎಳೇದು ಮರ್ವ್, ಅರಳೋಕೆ ಇನ್ನೂ ದಿನ ಇದೆ."

"ಅದಕ್ಕೇನೀಗ?"

"ಒಂದು ಸಲ ಅರಳಿದ ನಕ್ಷತ್ರ ಎರಡು ಮೂರು ದಿನಕ್ಕೆ ಕೊಳೆತು ಬೀಳುತ್ತೆ. ಹೋದ ವಾರ ನೀವು ನೋಡಿ ನಕ್ಕಿದ್ದು ಇವತ್ತು ಇಲ್ಲ. ಯಾರೋ ಹೊಸದು ನೆಡ್ತಾನೇ ಇದ್ದಾರೆ. ಇದು ಮುಂದಿನ ಸರದಿಗೆ."

ಕೊಯ್ದ ಅಂಚಿನ ತೆಳು ಪದರ ಇಟ್ಟು ನನ್ನನ್ನು ಎಳೆದು ನಿಲ್ಲಿಸಿದಳು. "ಗಾಯದ ಅಂಚು ನೋಡು. ಎಳೆಗಳು ತುಂಡಾಗಿವೆ, ಅಲ್ವಾ? ಅದರ ತುದಿಯಲ್ಲಿ ಹೊಸ ಚಿಗುರು ಏನಾದ್ರೂ ಕಾಣುತ್ತಾ?"

"ಇಲ್ಲ. ಬೋಳು."

"ನಿನ್ನೆ ಬೆಳಿಗ್ಗೆ ಕೊಯ್ದಿದ್ರೂ ಇಷ್ಟು ಹೊತ್ತಿಗೆ ಹೊಸ ಎಳೆ ಚಿಗುರಿ ಗಾಯ ಮುಚ್ಚೋಕೆ ಶುರುವಾಗ್ಬೇಕಿತ್ತು. ಲೋಳೆ ಇನ್ನೂ ಹಸಿ. ಇದನ್ನ ಕೊಯ್ದಿದ್ದು ನಿನ್ನೆ ರಾತ್ರಿ ಮೇಲೆ."

ನಿನ್ನೆ ರಾತ್ರಿ ಕಾಲ್ ನನ್ನ ಲಾಕಪ್ಪಿನಲ್ಲಿ ಗೊರಕೆ ಹೊಡೆಯುತ್ತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆವು! ಖುಷಿಗೆ ವಿನ್‌ಳ ಭುಜ ಹಿಡಿದು ಅಲ್ಲಾಡಿಸಿಬಿಟ್ಟೆ. ಅವಳು ಮಾತ್ರ ಮಂಕಾಗಿ ನಿಂತಿದ್ದಳು.

"ಈ ಮುಳ್ಳು ಬೇಲಿಯಿಂದ ಉದುರಿದ್ದಲ್ಲ," ಅಂದಳು. "ನಾನು ದಡ್ಡಿ. ಕೊಯ್ದು ನೋಡಿದ ಮೇಲೂ ಮೊಟ್ಟೆ ಬದುಕಲಿ, ಒಣಗದಿರಲಿ ಅಂತ ಮುಚ್ಚಳ ಕೂರಿಸಿ ಮುಳ್ಳು ಚುಚ್ಚೋದು. ಇದನ್ನ ಮೇಡಂ ನಮಗ್ಯಾರಿಗೂ ಕಲಿಸಲಿಲ್ಲ. ಒಂದೇ ಒಂದು ಸಲ ಮಾಡೋದು ನೋಡಿದ್ದೆ. ಇದೇ ಅಡುಗೆಮನೆಯಲ್ಲಿ. ಆ ಕಿಟಕಿ ಮೇಲೆ ಟೀ ಕಪ್ಪಿನಲ್ಲಿ ಮೊಟ್ಟೆ ಇಟ್ಟು, ಇದರೊಳಗಿಂದ ನಕ್ಷತ್ರ ಹುಟ್ಟುತ್ತೆ ನೋಡ್ತಿರು ಅಂತ ಒಂದು ಮಗುವಿಗೆ ಹೇಳ್ತಿದ್ರು."

"ಯಾವ ಮಗು?"

"ಅಣ್ಣನ ಮಗ. ಕಾಲ್."

'ಮುಳ್ಳಾ? ಪ್ರತಿಯೊಂದರಲ್ಲೂ?' ಅಂದ ಅವನ ದನಿ ಮತ್ತೆ ಕಿವಿಯಲ್ಲಿ ಕೇಳಿತು. ಅವನಿಗೆ ಆಗಲೇ ಗೊತ್ತಾಗಿತ್ತು, ಇದು ಯಾರ ಕೈ ಅಂತ. ಹೇಳಿದವನು ನಾನೇ.

"ಮೇಡಂ ಬದುಕಿದ್ದಾರೆ ಮರ್ವ್," ವಿನ್ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ನಿನ್ನೆ ರಾತ್ರಿ ಇಲ್ಲೇ, ನಮ್ಮ ಕಾಲಡಿಯಲ್ಲೇ ಇದ್ರು!"

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಕ್ವಿಲ್ಟಿ.

"ಸಾರ್, ನಾನೇ ಮಾಡೋನಿದ್ದೆ. ಕಾಲ್‌ನ ಬಿಟ್ಟುಬಿಡಿ. ಎಡ್ವಿನಾ..."

"ಎಲ್ಲಿ ಸತ್ತಿದ್ದೀಯ ಮಧ್ಯಾಹ್ನದಿಂದ? ನಿನ್ನ ಹುಡುಗ ಬಾಯಿ ಬಿಟ್ಟ ಕಣಯ್ಯ. ನೀನು ಫೋನ್ ಮಾಡಿದ ಮೇಲೆ ಅವನೇ ನನ್ನನ್ನ ಕೇಳಿ ಕರೆಸ್ಕೊಂಡ. ಕೊಂದಿದ್ದು ನಾನೇ ಅಂದ. ಅಣಬೆ ನೆಟ್ಟಿದ್ದೂ ನಾನೇ, ಇನ್ನು ಆ ಮನೆ ಅಗೆಯೋದು ಬೇಡ ಅಂತ ಮರ್ವ್‌ಗೆ ಹೇಳಿ ಅಂದ."

"ಸುಳ್ಳು ಸಾರ್! ಅತ್ತೆನ ಉಳಿಸೋಕೆ ಸುಳ್ಳು ಹೇಳ್ತ..."

"ಮೊದಲು ಕೇಳು. ತೋಟದಾಚೆ ಹಣ್ಣು ಕಟ್ಟೋ ಹಳೇ ಪ್ಯಾಕಿಂಗ್ ಶೆಡ್ ಇದೆಯಲ್ಲ, ಅದರ ನೆಲ ಅಗೀರಿ ಅಂದ. ಈಗ ಅಲ್ಲಿಂದಲೇ ಮಾತಾಡ್ತಿದ್ದೀನಿ. ಸಿಕ್ಕಿದ್ಲು."

ಕಿಟಕಿಯಿಂದ ನೋಡಿದೆ. ತೋಟದಾಚೆ, ಪೈನ್ ಮರಗಳ ಸಂದಿಯಲ್ಲಿ, ಪೊಲೀಸ್ ವ್ಯಾನಿನ ನೀಲಿ ದೀಪ ತಿರುಗುತ್ತಿತ್ತು. ನಾನು ಹೆಗ್ಗಣದ ಹಾಗೆ ತೋಡುತ್ತಿದ್ದಾಗ ಕೂಗಳತೆಯಲ್ಲಿ ಅವರು ಹೆಣ ಎತ್ತಿದ್ದರು. ಅಲ್ಲಿಂದ ಗಾಳಿ ಬೀಸಿದರೆ ಹೆಣದ ನಾತ ನೇರ ಈ ಮನೆಗೇ ಬರುತ್ತಿತ್ತು. ಅದನ್ನು ಮುಚ್ಚೋಕೇ ಇಲ್ಲಿ ಅಣಬೆ ನೆಟ್ಟಿದ್ದು, ನೆಟ್ಟವಳು ಅತ್ತೆ ಅಂತ ತಿಳಿದ ಕೂಡಲೇ ಕಾಲ್‌ಗೂ ಅದು ಹೊಳೆದಿರಬೇಕು.

"ಯಾರು ಸಿಕ್ಕಿದ್ದು ಸಾರ್?"

"ಯಾರು ಅಂದ್ರೆ? ಕುಡಿದಿದ್ದೀಯಾ? ಎಡ್ವಿನಾ ರಸ್ಕ್. ಮುಖ ಗುರುತು ಸಿಗೋ ಹಾಗಿಲ್ಲ, ವಾರಗಟ್ಟಲೆ ಆಗಿದೆ. ಆದ್ರೆ ವಯಸ್ಸಾದ ಹೆಂಗಸು, ಮೈಮೇಲೆ ಅವಳದ್ದೇ ಹಸಿರು ಕೋಟು."

ಕ್ವಿಲ್ಟಿ ಇನ್ನೂ ಏನೋ ಹೇಳುತ್ತಿದ್ದರು. ವಿನ್ ನನ್ನ ತೋಳು ಹಿಡಿದು "ಏನಂತೆ, ಏನಂತೆ?" ಅಂತ ಕೇಳುತ್ತಲೇ ಇದ್ದಳು.  ನಮ್ಮ ಕಣಿವೆಯಲ್ಲಿ ಈ ವರ್ಷ ಎಡ್ವಿನಾ ಬಿಟ್ಟರೆ ಇನ್ನು ಯಾವ ಹೆಂಗಸೂ ಕಾಣೆಯಾಗಿರಲಿಲ್ಲ.

ಮೇಜಿನ ಮೇಲೆ, ದೀಪದ ಕೆಳಗೆ, ನಿನ್ನೆ ರಾತ್ರಿ ಎಡ್ವಿನಾ ಕೊಯ್ದ ಗಾಯ ಇನ್ನೂ ಹಸಿಯಾಗಿತ್ತು. ಹಾಗಾದರೆ ಅವಳ ಕೋಟು ತೊಟ್ಟು ಶೆಡ್ಡಿನ ಮಣ್ಣಿನಲ್ಲಿ ಮಲಗಿದ್ದ ಆ ಹೆಂಗಸು ಯಾರು?